ಎರಡನೇ ಮಹಡಿಯ ಕೋಳಿಗೂಡು

ಲಿಫ್ಟಣ್ಣನಿಗೆ ಬದುಕಿನಲ್ಲಿ ಆಸೆಗಳು ಕಡಿಮೆ. ಬಂಗಾರ ಬೇಡ, ಬಂಗಲೆ ಬೇಡ, ಬಡ್ತಿ ಕೊಡುತ್ತೇವೆಂದರೂ ಎರಡು ಸಲ ಯೋಚಿಸುವ ಆಸಾಮಿ. ಅವನಿಗೆ ಬೇಕಾದದ್ದು ಒಂದೇ, ಬೆಳಗಿನ ನಿದ್ದೆ. ಅದೂ ರಾತ್ರಿಯ ನಿದ್ದೆಯ ಬಾಲ ಹಿಡಿದು ಬರುವ ಬಡಪಾಯಿ ನಿದ್ದೆಯಲ್ಲ. ಹೊರಗೆ ಬೆಳಕು ಹರಿದು, ಹಾಲಿನವನ ಸೈಕಲ್ ಗಂಟೆ ಕೇಳಿ, ಲೋಕವೆಲ್ಲ ಎದ್ದಿದೆ ನಾನು ಮಾತ್ರ ಎದ್ದಿಲ್ಲ ಎಂಬುದು ಖಾತ್ರಿಯಾದ ಮೇಲೆ, ಹೊದಿಕೆಯನ್ನು ಕಿವಿಯವರೆಗೆ ಎಳೆದುಕೊಂಡು ಮಾಡುವ ಎರಡನೇ ಕಂತಿನ ನಿದ್ದೆ. ಅದರ ರುಚಿ ಗೊತ್ತಿಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ, ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ.

ಈ ನಿದ್ದೆಗೆ ಕುತ್ತು ಬಂದದ್ದು ಹೆಂಡತಿಯ ಬಡ್ತಿಯಿಂದ. ಆಕೆ ಬ್ರೆಡ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಳು. ಅವಳ ಚುರುಕು ಕಂಡು ಅವಳನ್ನು ಒಲೆಗಳ ಮೇಲ್ವಿಚಾರಕಿ ಮಾಡಿದರು. ಒಲೆಗಳು ಸೂರ್ಯನಿಗಿಂತ ಮೊದಲು ಹೊತ್ತಿಕೊಳ್ಳಬೇಕು, ಹಾಗಾಗಿ ಆಕೆ ಇನ್ನೂ ಕತ್ತಲಿರುವಾಗಲೇ ಮನೆ ಬಿಡಬೇಕು. ಹಾಗಾದರೆ ಹಿತ್ತಲಿನ ಕೋಳಿಗೂಡಿನ ಬಾಗಿಲು ತೆಗೆಯುವವರು ಯಾರು? ಅವಳು ಹೊರಡುವಾಗಲೇ ತೆಗೆದಿಟ್ಟರೆ ಬೀದಿಯ ಗಡವ ಬೆಕ್ಕನ್ನು ಊಟಕ್ಕೆ ಕರೆದಂತೆ. ಬಿಸಿಲೇರುವ ತನಕ ಮುಚ್ಚಿಟ್ಟರೆ ಕೋಳಿಗಳು ಒಳಗೇ ಜಗಳವಾಡಿ ಮೊಟ್ಟೆಗಳನ್ನೆಲ್ಲ ತುಳಿದು ಹಾಕುತ್ತವೆ. ಅವಳು ನಾಲ್ಕು ಮಾತಲ್ಲಿ ತೀರ್ಪು ಕೊಟ್ಟಳು: "ರೀ, ಸೋಮವಾರದಿಂದ ಕೋಳಿ ನಿಮ್ಮ ಪಾಲು."

ಲಿಫ್ಟಣ್ಣ ನಕ್ಕುಬಿಟ್ಟ. ಒಂದು ಬಾಗಿಲು ತೆಗೆದು ಮುಚ್ಚುವುದಕ್ಕೆ ಈ ಕಾಲದಲ್ಲಿ ಮನುಷ್ಯ ಏಳಬೇಕೇ, ಆಟೊಮ್ಯಾಟಿಕ್ ಬಾಗಿಲು ಮಾಡಿಬಿಡುತ್ತೇನೆ ಎಂದ. ಹೆಂಡತಿ ನಗಲಿಲ್ಲ. ಮನೆಯೊಳಗೆ ಸುಮ್ಮನೆ ಒಮ್ಮೆ ಕಣ್ಣಾಡಿಸಿದಳು. ಮೂಲೆಯಲ್ಲಿ ಅವನು ಮಾಡಿದ ಮೂರು ಕಾಲಿನ ಸ್ಟೂಲು ನಾಲ್ಕನೆಯದಕ್ಕೆ ಕಾಯುತ್ತ ಗೋಡೆಗೆ ಒರಗಿತ್ತು. ಅಡುಗೆಮನೆಯಲ್ಲಿ ಅವನು ರಿಪೇರಿ ಮಾಡಿದ ನಲ್ಲಿ, ತಿರುಗಿಸಿ ಹಿಡಿದರೆ ನಿಂತು, ಕೈ ಬಿಟ್ಟರೆ ಸುರಿಯುತ್ತಿತ್ತು. ಆಗದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದಳು.

"ಆಗದಿದ್ರೆ ಬದುಕಿರೋವರೆಗೂ ದಿನಾ ನಾನೇ ಎದ್ದು ತೆಗೀತೀನಿ," ಎಂದುಬಿಟ್ಟ.

ಮಾತು ಆಡಿದರೆ ಹೋಯಿತು. ಹೆಂಡತಿ ತಿಂಗಳ ಕೊನೆಯ ತನಕ ಗಡುವು ಕೊಟ್ಟು, ಮಾರನೇ ದಿನದ ಹಿಟ್ಟಿನ ಯೋಚನೆಯಲ್ಲಿ ಮಲಗಿಬಿಟ್ಟಳು.

ಲಿಫ್ಟಣ್ಣನ ಧೈರ್ಯಕ್ಕೂ ಒಂದು ಆಧಾರವಿತ್ತು. ಐದು ಮಹಡಿಯ ಒಂದು ದೊಡ್ಡ ಕಚೇರಿಯಲ್ಲಿ ಅವನು ಲಿಫ್ಟ್ ಆಪರೇಟರ್. ತಲೆಕೂದಲು ಕಪ್ಪಿದ್ದಾಗ ಆ ಡಬ್ಬದೊಳಗೆ ಹೊಕ್ಕವನು, ಬೆಳ್ಳಗಾದ ಮೇಲೂ ಅಲ್ಲೇ ಇದ್ದ. ಬಾಗಿಲು ಎಂದರೇನು ಎಂಬುದನ್ನು ಅರೆದು ಕುಡಿದವನು ತಾನು ಎಂದು ಅವನ ನಂಬಿಕೆ. ಮೊದಲೆಲ್ಲ ಮಹಡಿ ಬಂದಾಗ ಅವನೇ ಎದೆಯುಬ್ಬಿಸಿ ಕೂಗುತ್ತಿದ್ದ. ಆಮೇಲೆ ಲಿಫ್ಟಿಗೆ ಮಾತಾಡುವ ಪೆಟ್ಟಿಗೆ ಹಾಕಿಸಿದರು. ಒಬ್ಬ ಹೆಂಗಸು ಜೇನಿನಂಥ ದನಿಯಲ್ಲಿ "ಬಾಗಿಲು ತೆರೆಯುತ್ತಿದೆ" ಎನ್ನತೊಡಗಿದ ಮೇಲೆ ಇವನು ಬಾಯಿ ಮುಚ್ಚಿಕೊಂಡು ಗುಂಡಿ ಒತ್ತುವುದಷ್ಟೇ ಉಳಿಯಿತು. ಈಗ ಆ ಲಿಫ್ಟೂ ಮುದಿಯಾಗಿ ಕಚೇರಿಗೆ ಹೊಸ ಲಿಫ್ಟ್ ಬಂದಿತ್ತು. ಹಳೆಯದರ ಸಾಮಾನು ನೆಲಮಾಳಿಗೆಯಲ್ಲಿ ಧೂಳು ತಿನ್ನುತ್ತಿತ್ತು. ಲಿಫ್ಟಣ್ಣ ಮೇಲಧಿಕಾರಿಯ ಮುಂದೆ ತಲೆ ಕೆರೆದುಕೊಂಡು ನಿಂತಾಗ ಅವರು, ಹೊತ್ತುಕೊಂಡು ಹೋಗಿ, ಜಾಗ ಖಾಲಿಯಾದರೆ ಸಾಕು ಎಂದರು.

ಮುಂದಿನ ಭಾನುವಾರ ಇಡೀ ಬೀದಿ ನೋಡುತ್ತಿದ್ದಂತೆ ಅವನ ಮನೆಗೆ ತಳ್ಳುಗಾಡಿಯಲ್ಲಿ ಲಿಫ್ಟ್ ಬಂತು. ಬಂದದ್ದು ಒಂದು ಮೋಟಾರು, ಒಂದು ಕಂಟ್ರೋಲ್ ಪೆಟ್ಟಿಗೆ, ಮಹಡಿಗಳ ಗುಂಡಿಗಳಿರುವ ಒಂದು ಹೊಳೆಯುವ ತಗಡು, ಅಷ್ಟೇ. ಬೀದಿಯ ಕಣ್ಣಿಗೆ ಮಾತ್ರ ಅದು ಲಿಫ್ಟ್. ಪಕ್ಕದ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಗೇಟಿನ ಬಳಿ ನಿಂತು ಏನಪ್ಪ ಇದು ಎಂದು ಕೇಳಿದರು. ಕೋಳಿಗೂಡಿಗೆ ಬಾಗಿಲು ಎಂದು ಹೇಳಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಲಿಫ್ಟಣ್ಣನಿಗೆ ಅಂಥ ಹೊಳೆಯುವ ತಗಡಿನ ಪಕ್ಕದಲ್ಲಿ ನಿಂತು 'ಕೋಳಿ' ಎನ್ನಲು ನಾಲಿಗೆ ಏಳಲಿಲ್ಲ. "ಸ್ವಲ್ಪ ಆಟೊಮ್ಯಾಟಿಕ್ ಕೆಲಸ ಇದೆ ಮೇಷ್ಟ್ರೇ. ಮುಗಿದ ಮೇಲೆ ನೋಡ್ತೀರಂತೆ," ಎಂದು ಗಂಭೀರವಾಗಿ ಒಳಗೆ ಹೋದ.

ಮೇಷ್ಟ್ರು ಬಿಡುವ ಪೈಕಿಯಲ್ಲ. ಎಷ್ಟು ಮಂದಿ ಹಿಡಿಸುತ್ತೆ ಎಂದು ಬೆನ್ನಿಗೇ ಕೇಳಿದರು.

"ಎಂಟು ಮಂದಿ ಆರಾಮಾಗಿ. ಸಂಜೆ ಎಲ್ಲರೂ ಒಟ್ಟಿಗೆ ನುಗ್ತಾರೆ, ಅದೇ ತಲೆನೋವು."

ಮೇಷ್ಟ್ರು ಆ ಎಂಟು ಮಂದಿ ಯಾರಿರಬಹುದೆಂದು ಯೋಚಿಸುತ್ತ ಕಾಫಿ ಕುಡಿಯುವುದನ್ನೇ ಮರೆತರು.

ಹಿತ್ತಲಿನ ಸುತ್ತ ಎತ್ತರದ ಗೋಡೆ. ಒಳಗೆ ಏನು ನಡೆಯುತ್ತಿದೆ ಎಂದು ಯಾರಿಗೂ ಕಾಣದು, ಕೇಳುವುದು ಮಾತ್ರ ಎಲ್ಲರಿಗೂ ಕೇಳುತ್ತದೆ. ಸುತ್ತಿಗೆಯ ಸದ್ದು ಕೇಳಿತು, ಗರಗಸದ ಸದ್ದು ಕೇಳಿತು, ಹೆಬ್ಬೆರಳಿಗೆ ಸುತ್ತಿಗೆ ಬಿದ್ದಾಗ ಲಿಫ್ಟಣ್ಣ ಆಡಿದ ಮಾತುಗಳೂ ಸ್ಪಷ್ಟವಾಗಿ ಕೇಳಿದವು. ಕೊನೆಗೆ ಬಾಗಿಲು ಆಯಿತು. ಆಗಿಯೇ ಬಿಟ್ಟಿತು ಎಂಬುದು ಅವನಿಗೇ ಆಶ್ಚರ್ಯ. ಒಂದು ಹಲಗೆ ಎರಡು ಮರದ ಪಟ್ಟಿಗಳ ನಡುವೆ ಮೇಲೆ ಕೆಳಗೆ ಜಾರುತ್ತದೆ. ಮೋಟಾರು ಹಗ್ಗ ಸುತ್ತಿ ಅದನ್ನು ಎತ್ತುತ್ತದೆ. ಗೂಡಿನ ಮಾಡಿನ ಅಂಚಿನಲ್ಲಿ ಬೆಳಕನ್ನು ಗುರುತಿಸುವ ಒಂದು ಪುಟ್ಟ ಕಣ್ಣು, ಕತ್ತಲಾದೊಡನೆ ತಾನಾಗಿ ಹೊತ್ತಿಕೊಳ್ಳುವ ಯಾವುದೋ ಹಳೆಯ ದೀಪದಿಂದ ಕಿತ್ತದ್ದು. ಬೆಳಕು ಬಿದ್ದರೆ ಬಾಗಿಲು ಮೇಲೆ, ಕತ್ತಲಾದರೆ ಬಾಗಿಲು ಕೆಳಗೆ. ಕೋಳಿಗಳ ಕುತ್ತಿಗೆಗೆ ನೋವಾಗದಿರಲಿ ಎಂದು ಹಲಗೆಯ ಕೆಳತುದಿಗೆ ಹೆಂಡತಿಯ ಪಾತ್ರೆ ತೊಳೆಯುವ ಸ್ಪಂಜು ಅಂಟಿಸಿದ.

ಒಂದೇ ತೊಡಕು ಎಂದರೆ ಆ ಹೆಂಗಸು. ಕಂಟ್ರೋಲ್ ಪೆಟ್ಟಿಗೆಯ ಜೊತೆಗೇ ಅವಳೂ ಬಂದಿದ್ದಳು. ಮಾತು ನಿಲ್ಲಿಸಲೆಂದು ಯಾವ ತಂತಿ ಕತ್ತರಿಸಿದರೂ ಬಾಗಿಲು ನಿಲ್ಲುತ್ತಿತ್ತೇ ಹೊರತು ಮಾತು ನಿಲ್ಲುತ್ತಿರಲಿಲ್ಲ. ಹಳೆಯ ಲಿಫ್ಟ್ ಪ್ರಾಣ ಬಿಟ್ಟದ್ದು ಎರಡನೇ ಮಹಡಿಯಲ್ಲಿ, ಹಾಗಾಗಿ ಅವಳ ಲೆಕ್ಕದಲ್ಲಿ ಭೂಮಂಡಲವೆಲ್ಲ ಎರಡನೇ ಮಹಡಿಯೇ. ಮೊದಲ ಬೆಳಗಿಗೇ ಗೋಡೆಯಾಚೆಗೂ ಕೇಳುವಂತೆ ಘೋಷಿಸಿದಳು: "ಎರಡನೇ ಮಹಡಿ. ಬಾಗಿಲು ತೆರೆಯುತ್ತಿದೆ. ದಯವಿಟ್ಟು ನಿಧಾನವಾಗಿ ಇಳಿಯಿರಿ."

ಕೋಳಿಗಳು ಅವತ್ತು ಇಳಿಯಲಿಲ್ಲ. ಗೂಡಿನ ಹಿಂಗೋಡೆಗೆ ಅಂಟಿಕೊಂಡು ಕುಳಿತವು. ಆದರೆ ಹೊಟ್ಟೆ ಯಾರನ್ನು ಬಿಟ್ಟಿದೆ? ಕ್ರಮೇಣ ಅವಳ ಮಾತಿಗೆ ಹೊಂದಿಕೊಂಡವು. ವಾರ ಕಳೆಯುವುದರೊಳಗೆ, ಅವಳು 'ಇಳಿಯಿರಿ' ಎನ್ನುವ ತನಕ ಸಾಲಾಗಿ ಕಾದು, ಎಂದ ಮೇಲೆ ಒಂದರ ಹಿಂದೊಂದು ಇಳಿಯತೊಡಗಿದವು. ಸಂಜೆ ಮಾತ್ರ ಬೂದು ಬಣ್ಣದ ಒಂದು ಕೋಳಿ ಹೊಸ್ತಿಲ ಮೇಲೇ ಕುಳಿತು ಲೋಕವ್ಯಾಪಾರ ನೋಡುತ್ತಿತ್ತು. ಆಗ ಬಾಗಿಲು ಅರ್ಧ ಇಳಿದು ನಿಂತು, "ದಯವಿಟ್ಟು ಬಾಗಿಲಿಗೆ ಅಡ್ಡ ನಿಲ್ಲಬೇಡಿ" ಎಂಬ ಮಾತು ಬೀದಿಯುದ್ದಕ್ಕೂ ಹರಿಯುತ್ತಿತ್ತು. ಎದುರು ಮನೆಯವರು ಪ್ರತಿ ಸಂಜೆ ತಮ್ಮ ಬಾಗಿಲಿಂದ ಸರಿದು ನಿಲ್ಲುವುದನ್ನು ರೂಢಿ ಮಾಡಿಕೊಂಡರು.

ಲಿಫ್ಟಣ್ಣ ಇದಾವುದನ್ನೂ ಕಾಣ. ಹೆಂಗಸು ಎರಡನೇ ಮಹಡಿ ಎನ್ನುವಾಗ ಅವನು ಹೊದಿಕೆಯೊಳಗೆ ಸುಖದ ಏಳನೇ ಮಹಡಿಯಲ್ಲಿರುತ್ತಿದ್ದ. ಇಷ್ಟು ಸುಖವಾಗಿ ಅವನು ಹುಟ್ಟಿದಾಗಿನಿಂದ ಮಲಗಿರಲಿಲ್ಲ.

ಬೀದಿಯಲ್ಲಿ ಮಾತ್ರ ಬೇರೆಯೇ ಕಥೆ. ಒಂದೇ ಅಂತಸ್ತಿನ ಹೆಂಚಿನ ಮನೆ, ಒಳಗಿಂದ ದಿನಾ ಎರಡನೇ ಮಹಡಿ ಎಂಬ ಕೂಗು. ಜನ ರಸ್ತೆಯಲ್ಲಿ ನಿಂತು ತಲೆಯೆತ್ತಿ ನೋಡಿದರು. ಹೆಂಚಿನ ಮೇಲೆ ಆಕಾಶ ಬಿಟ್ಟರೆ ಏನೂ ಇಲ್ಲ. ಡ್ರಿಲ್ ಮೇಷ್ಟ್ರು ಬಹಳ ಯೋಚಿಸಿ, ಮೇಲಲ್ಲ, ಕೆಳಗೆ ಅಗೆದಿದ್ದಾನೆ, ಭೂಮಿಯೊಳಗೆ ಎರಡನೆಯದು ಎಂದು ತೀರ್ಮಾನಿಸಿದರು. ಎಂಟು ಮಂದಿ ಅಲ್ಲೇ ಬಾಡಿಗೆಗಿದ್ದಾರೆ, ಸಂಜೆ ಕೆಲಸ ಮುಗಿಸಿ ಒಟ್ಟಿಗೆ ನುಗ್ಗುತ್ತಾರೆ ಎಂದು ಅವನೇ ಹೇಳಿದನಲ್ಲ. ಅಷ್ಟು ಜನ ಹೋಗಿಬರುವುದು ಯಾಕೆ ಕಾಣುವುದಿಲ್ಲ ಎಂದು ಯಾರೋ ಕೇಳಿದ್ದಕ್ಕೆ, ಅದಕ್ಕೇ ಅಲ್ಲವೇ ಭೂಮಿಯೊಳಗೆ ಕಟ್ಟಿದ್ದು ಎಂದು ಮೇಷ್ಟ್ರು ಬಾಯಿ ಮುಚ್ಚಿಸಿದರು. ಬೀದಿಯವರು ಲಿಫ್ಟಣ್ಣನನ್ನು ಬಹುವಚನದಲ್ಲಿ ಮಾತಾಡಿಸತೊಡಗಿದರು. ಅವನು ಕಾರಣ ಕೇಳಲಿಲ್ಲ. ಮರ್ಯಾದೆ ತಾನಾಗಿ ಮನೆಗೆ ಬಂದಾಗ ಯಾಕೆ ಬಂದೆ ಎಂದು ಯಾರಾದರೂ ಕೇಳುತ್ತಾರೆಯೇ?

ಸುದ್ದಿಗೆ ಕಾಲಿಲ್ಲದಿದ್ದರೂ ಓಟ ಜೋರು. ಅದು ಒಂದು ಕಡೆ ಮನೆ ಮಾಲೀಕರ ಕಿವಿಗೆ ಬಿತ್ತು, ಇನ್ನೊಂದು ಕಡೆ ಬೇರೆ ಊರಲ್ಲಿದ್ದ ಲಿಫ್ಟಣ್ಣನ ಅತ್ತೆಯ ಕಿವಿಗೆ ಬಿತ್ತು. ಎರಡರ ಫಲವೂ ಒಂದೇ ಭಾನುವಾರ ಮಧ್ಯಾಹ್ನ ಅವನ ಬಾಗಿಲಿಗೆ ಬಂದು ನಿಂತಿತು.

ಮೊದಲು ಬಂದವರು ಅತ್ತೆ. ಟ್ರಂಕು, ಹಾಸಿಗೆಯ ಸುರುಳಿ, ಎರಡು ತಲೆದಿಂಬು, ಒಂದು ಮಡಿಸುವ ಕುರ್ಚಿ. ಆ ಹಿರಿಯ ಜೀವಕ್ಕೆ ಮೊದಲಿನಿಂದಲೂ ಮಹಡಿಯ ಕಿಟಕಿಯಲ್ಲಿ ಕುಳಿತು ರಸ್ತೆ ನೋಡುವ ಹಂಬಲ. ಆದರೆ ಮಂಡಿನೋವಿನಿಂದ ಮೆಟ್ಟಿಲು ಹತ್ತಲಾಗದೆ ನೆಲಕ್ಕೇ ಅಂಟಿಕೊಂಡಿದ್ದರು. ಮಗಳ ಮನೆಗೆ ಲಿಫ್ಟ್ ಬಂದಿದೆ ಎಂದರೆ ಇನ್ನೇನು ಬೇಕು? ಮಗಳು ರಜೆಯೆಂದು ಮನೆಯಲ್ಲೇ ಇದ್ದಳು. ಅಮ್ಮನ ಟ್ರಂಕು ನೋಡಿ ಬೆಪ್ಪಾಗಿ ನಿಂತಳು. ಅತ್ತೆ ಅವಳನ್ನು ದಾಟಿ ಅಳಿಯನ ಹತ್ತಿರ ಬಂದು, ಲಿಫ್ಟ್ ಎಲ್ಲಿ ಎಂದು ನೇರವಾಗಿ ಕೇಳಿದರು.

ಕೋಳಿಗೂಡಿನ ಕೀರ್ತಿ ಅತ್ತೆಯ ತನಕ ಹೋಗಿದೆ ಎಂದು ಲಿಫ್ಟಣ್ಣ ಉಬ್ಬಿಹೋದ. "ಬನ್ನಿ ಅತ್ತೆ, ಹಿತ್ತಲಲ್ಲಿದೆ," ಎಂದು ಕೈಹಿಡಿದು ಕರೆದುಕೊಂಡು ಹೋದ.

ಅತ್ತೆ ಗೂಡಿನ ಮುಂದೆ ನಿಂತು ಮೇಲಿಂದ ಕೆಳಗೆ ನೋಡಿದರು. ಅವರ ಸೊಂಟದೆತ್ತರಕ್ಕಿತ್ತು. ಮುಂಭಾಗದಲ್ಲಿ ಹೊಳೆಯುವ ತಗಡು, ಐದು ಗುಂಡಿಗಳು, ಕೆಳಗೆ ಸ್ಪಂಜು ಹಚ್ಚಿದ ಬಾಗಿಲು. ಮೆಲ್ಲಗೆ, "ಇದರಲ್ಲಿ ಕೂತೇ ಹೋಗಬೇಕಾ ಅಳಿಯಂದಿರೇ, ಇಲ್ಲಾ ಮಲಗಿಕೊಂಡಾ?" ಎಂದರು.

ಅವನು ಉತ್ತರಿಸುವ ಮೊದಲೇ ಮಾಲೀಕರು ಗುಡುಗುತ್ತ ಒಳಗೆ ಬಂದರು. ಬಾಡಿಗೆಗೆ ಕೊಟ್ಟದ್ದು ಒಂದು ಮನೆ, ಅದರ ಕೆಳಗೆ ಇನ್ನೆರಡು ಮಾಡಿಕೊಂಡು ಎಂಟು ಜನಕ್ಕೆ ಒಳಬಾಡಿಗೆಗೆ ಕೊಡಲು ಯಾರಪ್ಪನ ಮನೆ ಎಂದುಕೊಂಡಿದ್ದೀಯ ಎಂಬುದು ಅವರ ಮಾತಿನ ಸಾರಾಂಶ. ಅವರ ಹಿಂದೆ ಕನ್ನಡಕದ, ಬಗಲಲ್ಲಿ ಫೈಲಿನ, ನಗು ಕಂಡರಾಗದ ಒಬ್ಬರು. ಲೈಸೆನ್ಸ್ ಇಲ್ಲದ ಲಿಫ್ಟುಗಳನ್ನು ಪತ್ತೆ ಮಾಡುವ ಇನ್ಸ್‌ಪೆಕ್ಟರು. ಭಾನುವಾರವೂ ಬಂದಿದ್ದಾರೆ ಎಂದರೆ ವಿಷಯ ಚಿಕ್ಕದಲ್ಲ ಎಂದು ಡ್ರಿಲ್ ಮೇಷ್ಟ್ರು ತಮ್ಮ ಕಡೆಯಿಂದ ಏಣಿ ಹಾಕಿ ಗೋಡೆಯ ಮೇಲೆ ಕುಳಿತರು.

ಲಿಫ್ಟಣ್ಣ ವಿವರಿಸಲು ಬಾಯಿ ತೆರೆದ. ಇನ್ಸ್‌ಪೆಕ್ಟರು ಕೈಯೆತ್ತಿ ತಡೆದರು. ಬಾಯಿಮಾತಿನ ವಿವರಣೆ ಅವರ ಇಲಾಖೆಯಲ್ಲಿ ನಡೆಯುವುದಿಲ್ಲ, ಖುದ್ದು ಪರೀಕ್ಷೆಯೇ ಆಗಬೇಕು. ಲಿಫ್ಟ್ ಇಳಿಯುವ ಹೊಂಡ ಎಲ್ಲಿದೆಯೆಂದು ನೋಡಲು ಅವರು ಮಂಡಿಯೂರಿ, ತೆರೆದಿದ್ದ ಪುಟ್ಟ ಬಾಗಿಲಿನೊಳಗೆ ತಲೆ ತೂರಿಸಿದರು. ಅವರು ಹುಡುಕುತ್ತಿದ್ದದ್ದು ಪಾತಾಳಕ್ಕೆ ಇಳಿಯುವ ಆಳದ ಗುಂಡಿಯನ್ನು. ಕಂಡದ್ದು ಮಧ್ಯಾಹ್ನದ ಬಿಸಿಲಿಗೆ ಒಳಗೆ ಸೇರಿದ್ದ ಎಂಟು ಕೋಳಿಗಳನ್ನು.

ಅವರ ದಪ್ಪ ಕೋಟಿನ ಬೆನ್ನು ಮಾಡಿನ ಅಂಚಿಗೆ ಒತ್ತಿ, ಬೆಳಕಿನ ಕಣ್ಣು ಪೂರ್ತಿ ಮುಚ್ಚಿಕೊಂಡಿತು. ಗೂಡಿಗೆ ರಾತ್ರಿಯಾಯಿತು. ಬಾಗಿಲು ಕರ್ತವ್ಯಪ್ರಜ್ಞೆಯಿಂದ ನಿಧಾನವಾಗಿ ಇಳಿದು ಅವರ ಕುತ್ತಿಗೆಯ ಮೇಲೆ ಸ್ಪಂಜು ಊರಿ ನಿಂತಿತು.

"ದಯವಿಟ್ಟು ಬಾಗಿಲಿಗೆ ಅಡ್ಡ ನಿಲ್ಲಬೇಡಿ," ಎಂದಳು ಹೆಂಗಸು.

ಇನ್ಸ್‌ಪೆಕ್ಟರು ಅಲ್ಲಾಡಿದರು. "ಭಾರ ಹೆಚ್ಚಾಗಿದೆ. ದಯವಿಟ್ಟು ಒಬ್ಬರು ಇಳಿಯಿರಿ," ಎಂದಳು.

"ಪಾಪ, ಅವರೊಬ್ಬರೇ ಇದಾರಲ್ಲ, ಯಾರು ಇಳೀಬೇಕು?" ಎಂದು ಅತ್ತೆ ಮರುಗಿದರು.

ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡವರನ್ನು ಸಮಾಧಾನ ಮಾಡುವುದರಲ್ಲಿ ಲಿಫ್ಟಣ್ಣನಷ್ಟು ಅನುಭವ ಅಲ್ಲಿ ಯಾರಿಗೂ ಇರಲಿಲ್ಲ. ಗೂಡಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಮೆತ್ತಗಿನ ದನಿಯಲ್ಲಿ ಹೇಳಿದ: "ಗಾಬರಿ ಬೇಡ ಸಾರ್. ಅದು ಈಗ ರಾತ್ರಿ ಅಂದುಕೊಂಡಿದೆ. ಬೆಳಗಾದ ಕೂಡಲೇ ಬಿಟ್ಟುಬಿಡುತ್ತೆ."

ಒಳಗಿಂದ ಕೇಳಿಬಂತು: "ಬೆಳಗಾಗೋದು ಯಾವಾಗ?"

ಇಲ್ಲಿಂದ ಮುಂದೆ ಎಲ್ಲರೂ ಎಲ್ಲರಿಗೂ ಸಲಹೆ ಕೊಟ್ಟರು. ಹಿಂದೆ ಸರಿಯಿರಿ ಎಂದರು ಮಾಲೀಕರು, ಸರಿಯಲು ಬಾಗಿಲು ಬಿಡದು. ಬಾಗಿಲು ಎತ್ತಿ ಎಂದರು ಮೇಷ್ಟ್ರು, ಮೋಟಾರು ಐದು ಮಹಡಿಗೆ ಜನರನ್ನು ಎಳೆದ ವಂಶದ್ದು, ಜಗ್ಗಲಿಲ್ಲ. ಮೇಷ್ಟ್ರು ಗೋಡೆಯ ಮೇಲಿಂದಲೇ, ಉಸಿರು ಒಳಗೆ, ಭುಜ ಕೆಳಗೆ, ಒಂದು, ಎರಡು ಎಂದು ಡ್ರಿಲ್ ಮಾಡಿಸತೊಡಗಿದರು. ಬೂದು ಕೋಳಿ ಇನ್ಸ್‌ಪೆಕ್ಟರ ತಲೆಯೇರಿ ಕುಳಿತದ್ದು ಹೊರಗಿನವರಿಗೆ ಅವರ ಕೂಗಿನಿಂದಲೇ ತಿಳಿಯಿತು. ಪ್ಲಗ್ ಕೀಳೋಣ ಎಂದು ಮಾಲೀಕರು ಹೊರಟಾಗ ಲಿಫ್ಟಣ್ಣ ಅಡ್ಡ ನಿಂತ. ಕರೆಂಟು ಹೋದರೆ ಬಾಗಿಲು ಇದ್ದಲ್ಲೇ ಬಿಗಿದುಕೊಳ್ಳುತ್ತದೆ, ಅದು ಲಿಫ್ಟಿನ ಸುರಕ್ಷತೆಯ ಮೊದಲ ಪಾಠ ಎಂದ. ಅದನ್ನು ಹೇಳುವಾಗ ಅವನ ಮುಖದಲ್ಲಿ ಇದ್ದದ್ದು ಹೆಮ್ಮೆಯೇ.

ಬೆಳಗು ಮಾಡಿದವಳು ಹೆಂಡತಿ. ಅಡುಗೆಮನೆಯಿಂದ ಒಂದು ಸ್ಟೀಲ್ ತಟ್ಟೆ ತಂದು, ಬಿಸಿಲಿಗೆ ಹಿಡಿದು, ಓರೆ ಮಾಡಿ, ಕೋಟು ಮತ್ತು ಮಾಡಿನ ನಡುವಿನ ಸಂದಿಯೊಳಗೆ ಬೆಳಕು ಹಾಯಿಸಿದಳು. ಕಣ್ಣಿಗೆ ಬೆಳಕು ಬಿತ್ತು.

"ಎರಡನೇ ಮಹಡಿ. ಬಾಗಿಲು ತೆರೆಯುತ್ತಿದೆ. ದಯವಿಟ್ಟು ನಿಧಾನವಾಗಿ ಇಳಿಯಿರಿ."

ಇನ್ಸ್‌ಪೆಕ್ಟರು ಹೊರಗೆ ಬಂದರು, ಕನ್ನಡಕದ ಒಂದು ಕಡ್ಡಿ ಕಿವಿಯಲ್ಲಿ, ಇನ್ನೊಂದು ಮೂಗಿನಲ್ಲಿ, ತಲೆತುಂಬ ಹುಲ್ಲು. ಅವರ ಹಿಂದೆ ಎಂಟು ಕೋಳಿಗಳು ಸಾಲಾಗಿ ಇಳಿದವು. ಮೇಷ್ಟ್ರು ಎಣಿಸಿದರು. ಎಂಟು ಮಂದಿ ಯಾರೆಂದು ಆಗ ತಿಳಿದು, ಅವರ ಮುಖ ಇಷ್ಟುದ್ದವಾಯಿತು.

ಆಮೇಲೆ ಹಿತ್ತಲಲ್ಲೇ ಕುರ್ಚಿ ಹಾಕಿ ವಿಚಾರಣೆ ನಡೆಯಿತು. ಕೋಳಿಯನ್ನು ಪ್ರಯಾಣಿಕ ಎಂದು ಪರಿಗಣಿಸಬಹುದೇ ಎಂದು ಇನ್ಸ್‌ಪೆಕ್ಟರು ಫೈಲು ತಿರುವಿದರು. ನಿಯಮ ಎಲ್ಲೂ ಬೇಡ ಎನ್ನುವುದಿಲ್ಲ. ಆದರೆ ಡಬ್ಬ ಮೇಲೆ ಕೆಳಗೆ ಹೋಗುತ್ತಿಲ್ಲ, ಆದ್ದರಿಂದ ಇದು ಲಿಫ್ಟಲ್ಲ. ಲಿಫ್ಟಲ್ಲದ್ದಕ್ಕೆ ಲೈಸೆನ್ಸ್ ಬೇಡ. ಬಾಗಿಲು ಇರಲಿ, ಬಾಗಿಲು ಚೆನ್ನಾಗಿದೆ ಎಂದು ಕುತ್ತಿಗೆ ಸವರಿಕೊಂಡು ಒಪ್ಪಿದರು. "ಆದ್ರೆ ಇಲ್ಲದ ಮಹಡೀನ ಇದೆ ಅಂತ ಕೂಗೋದು ಸಾರ್ವಜನಿಕರಿಗೆ ಮಾಡೋ ಮೋಸ. ಅದನ್ನ ಬಿಡೋಕಾಗಲ್ಲ," ಎಂದು ಪೆಟ್ಟಿಗೆ ಬಿಚ್ಚಿ, ಸರಿಯಾದ ತಂತಿಯನ್ನೇ ಹುಡುಕಿ ಕಿತ್ತು, ಮಾತಿನ ಡಬ್ಬಿಯನ್ನು ಬಗಲಲ್ಲಿಟ್ಟುಕೊಂಡು ಹೋದರು. ಮಾಲೀಕರು ಹಿತ್ತಲ ನೆಲವನ್ನು ಕಾಲಿಂದ ಎರಡು ಸಲ ಕುಟ್ಟಿ, ಟೊಳ್ಳಿಲ್ಲವೆಂದು ಖಾತ್ರಿ ಮಾಡಿಕೊಂಡು ಅವರ ಹಿಂದೆ ನಡೆದರು.

ಹೆಂಡತಿ ಬಾಗಿಲಿನ ಮುಂದೆ ನಿಂತು ತಟ್ಟೆಯನ್ನು ಅಡ್ಡ ಹಿಡಿದಳು, ಬಾಗಿಲು ಸದ್ದಿಲ್ಲದೆ ಇಳಿಯಿತು. ತೆಗೆದಳು, ಸದ್ದಿಲ್ಲದೆ ಏರಿತು. ಅವಳು ಗಂಡನ ಕಡೆ ತಿರುಗಿ, ಗೆದ್ರಿ ಕಣ್ರೀ, ನಿಮ್ಮ ಬೆಳಗಿನ ನಿದ್ದೆ ಇನ್ನು ಯಾರೂ ಮುಟ್ಟಲ್ಲ ಎಂದಳು. ಮದುವೆಯಾದ ಮೇಲೆ ಅವನು ಪೂರ್ತಿ ಮಾಡಿದ ಮೊದಲ ಕೆಲಸ ಅದು. ಲಿಫ್ಟಣ್ಣನಿಗೆ ಎಷ್ಟು ಸಂತೋಷವಾಯಿತೆಂದರೆ ಸಂಜೆ ಕೋಳಿಗಳಿಗಿಂತ ಮೊದಲೇ ಹೋಗಿ ಮಲಗಿಬಿಟ್ಟ.

ಮಾರನೇ ಬೆಳಗ್ಗೆ ಹೆಂಡತಿ ಕೆಲಸಕ್ಕೆ ಹೋದಳು, ಬೆಳಕು ಹರಿಯಿತು, ಹಾಲಿನವನ ಗಂಟೆ ಕೇಳಿತು, ಲಿಫ್ಟಣ್ಣ ಹೊದಿಕೆಯನ್ನು ಕಿವಿಯ ಮೇಲೆ ಎಳೆದುಕೊಂಡ. ಆ ಹೊದಿಕೆಯನ್ನು ಯಾರೋ ಕೆಳಕ್ಕೆ ಎಳೆದರು. ಬಿಚ್ಚಿದ ಟ್ರಂಕನ್ನು ಮತ್ತೆ ಕಟ್ಟಲಾರದೆ ಉಳಿದುಕೊಂಡಿದ್ದ ಅತ್ತೆ. "ಬಾಗಿಲು ತೆಗೆದು ಎಷ್ಟೋ ಹೊತ್ತಾಯ್ತು ಅಳಿಯಂದಿರೇ. ಯಾರೂ ಇಳೀತಿಲ್ಲ. ಒಳಗೇ ಜಗಳ ಶುರುವಾಗಿದೆ."

ಅವನು ಹೊದಿಕೆ ಸುತ್ತಿಕೊಂಡೇ ಹಿತ್ತಲಿಗೆ ಹೋದ. ಬಾಗಿಲು ಹಾರುಹೊಡೆದಿತ್ತು. ಒಳಗೆ ಎಂಟೂ ಕೋಳಿಗಳು ಸಾಲಾಗಿ ನಿಂತು ಮೇಲೆ, ಹಿಂದೆ ಮಾತು ಬರುತ್ತಿದ್ದ ಜಾಗವನ್ನೇ ನೋಡುತ್ತಿದ್ದವು. ಸಾಲಿನ ಹಿಂದಿನವು ಮುಂದಿನವನ್ನು ಕುಕ್ಕುತ್ತಿದ್ದವು. ಕಾಳು ಚೆಲ್ಲಿದ, ಬರಲಿಲ್ಲ. ಕೊಕ್ಕೊಕ್ಕೋ ಎಂದ, ಬೂದು ಕೋಳಿ ಅವನನ್ನು ಕನಿಕರದಿಂದ ನೋಡಿತು. ಅತ್ತೆ ತಮ್ಮ ದನಿಯಲ್ಲಿ ಇಳೀರಮ್ಮ ಇಳೀರಿ ಎಂದು ಅಂಗಲಾಚಿದರು, ಅದೂ ಆಗಲಿಲ್ಲ.

ಕೊನೆಗೆ ಲಿಫ್ಟಣ್ಣ ಹೊದಿಕೆಯನ್ನು ಸರಿಯಾಗಿ ಹೊದ್ದು, ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಪಡಿಸಿಕೊಂಡ. ಎಷ್ಟೋ ವರ್ಷಗಳಿಂದ ಆಡದ ಮಾತು. "ನೆಲಮಹಡಿ. ಬಾಗಿಲು ತೆರೆಯುತ್ತಿದೆ. ದಯವಿಟ್ಟು ನಿಧಾನವಾಗಿ ಇಳಿಯಿರಿ."

ಕೋಳಿಗಳು ಕತ್ತು ಓರೆ ಮಾಡಿದವು. ಒಂದೂ ಇಳಿಯಲಿಲ್ಲ.

"ಎರಡನೇದು ಅನ್ನಪ್ಪ," ಎಂದರು ಗೋಡೆಯ ಮೇಲಿಂದ ಡ್ರಿಲ್ ಮೇಷ್ಟ್ರು.

ಲಿಫ್ಟಣ್ಣ ತನ್ನ ಇಡೀ ಸೇವೆಯಲ್ಲಿ ಒಂದು ದಿನವೂ ತಪ್ಪು ಮಹಡಿ ಕೂಗಿದವನಲ್ಲ. ಜ್ವರ ಬಂದಾಗ ಕೂಗಿಲ್ಲ, ಮೇಲಧಿಕಾರಿ ಗದರಿಸಿದಾಗ ಕೂಗಿಲ್ಲ. ಅವನು ಕಾಲಕೆಳಗಿನ ಮಣ್ಣನ್ನು ನೋಡಿದ. ಗೂಡಿನೊಳಗೆ ಒಂದು ಮೊಟ್ಟೆ ಚಟ್ಟನೆ ಒಡೆದ ಸದ್ದು ಕೇಳಿತು. ಕಣ್ಣು ಮುಚ್ಚಿಕೊಂಡು, ಎದೆಯುಬ್ಬಿಸಿ ಹೇಳಿಯೇಬಿಟ್ಟ: "ಎರಡನೇ ಮಹಡಿ."

ಉಳಿದದ್ದನ್ನು ಹೇಳಿ ಮುಗಿಸಿ ಕಣ್ಣು ತೆರೆದಾಗ ಎಂಟೂ ಕೋಳಿಗಳು ಒಂದರ ಹಿಂದೊಂದು, ನಿಧಾನವಾಗಿ, ಇಳಿಯುತ್ತಿದ್ದವು. ಕಚೇರಿಯಲ್ಲಿ ಅವನು ಕೂಗುತ್ತಿದ್ದ ಕಾಲದಲ್ಲಿ ಯಾರೂ ಅವನ ಮುಖ ನೋಡಿ ಇಳಿದವರಲ್ಲ. ಇವು ಒಂದೊಂದೂ ನೋಡಿ ಇಳಿದವು. ಅವನಿಗೆ ಒಳಗೊಳಗೇ ಹಿಗ್ಗಾಯಿತು, ನಿದ್ದೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಅಂದಿನಿಂದ ಅವನು ಪ್ರತಿದಿನ ಬೆಳಕು ಹರಿಯುವ ಮೊದಲೇ ಏಳುತ್ತಾನೆ. ಬಾಗಿಲು ಏರುವ ಹೊತ್ತಿಗೆ ಗೂಡಿನ ಪಕ್ಕ ನೆಟ್ಟಗೆ ನಿಂತಿರಬೇಕು, ತಡವಾದರೆ ಪ್ರಯಾಣಿಕರು ಕಾಯುತ್ತಾರೆ. ಒಂದು ಭಾನುವಾರ ಹೆಂಡತಿ ಹಲ್ಲುಜ್ಜುತ್ತ ಬಂದು ಇದನ್ನು ನೋಡಿದಳು. ದಿನಾ ಏಳುವುದು ಹೇಗೂ ಏಳುತ್ತೀರಿ, ಹಾಗಾದರೆ ಆ ಮೋಟಾರು ಯಾಕೆ, ಕೈಯಲ್ಲೇ ಬಾಗಿಲು ತೆಗೆಯಬಾರದೇ ಎಂದು ಕೇಳಿದಳು.

ಚಳಿಗೆ ನಡುಗುತ್ತಿದ್ದ ಲಿಫ್ಟಣ್ಣ ಹೊದಿಕೆಯನ್ನು ಬಿಗಿಯಾಗಿ ಹೊದ್ದುಕೊಂಡು, ಇಷ್ಟೂ ತಿಳಿಯದೇ ಎಂಬಂತೆ ಅವಳನ್ನು ನೋಡಿದ. "ಬಾಗಿಲು ತೆಗೆಯೋಕೆಲ್ಲ ನಾನ್ಯಾಕೆ ನಿದ್ದೆ ಕೆಡಿಸಿಕೊಳ್ಳಲಿ? ಅದು ತಾನೇ ತೆಗೆದುಕೊಳ್ಳುತ್ತೆ ಕಣೇ."